ಬೇಕಾಗಿದ್ದಾರೆ: ಎಲ್ಲ ಬಲ್ಲ, ಏನೂ ಕೇಳದ ಹೋಮ್ ನರ್ಸ್

"ತಂದೆಯವರನ್ನು ನೋಡಿಕೊಳ್ಳಲು ಹೆಂಗಸೊಬ್ಬರು ತುರ್ತಾಗಿ ಬೇಕಾಗಿದ್ದಾರೆ. 24 ಗಂಟೆಯೂ ಮನೆಯಲ್ಲೇ ಇರಬೇಕು. ಸಕ್ಕರೆ, ಬಿ.ಪಿ. ನೋಡಲು ಬರಬೇಕು, ಇನ್ಸುಲಿನ್ ಕೊಡಲು ಬರಬೇಕು, ಡಯಾಪರ್ ಬದಲಿಸಬೇಕು, ಮೂಗಿನ ನಳಿಕೆಯಲ್ಲಿ ಆಹಾರ ಕೊಟ್ಟು ಅಭ್ಯಾಸವಿರಬೇಕು. ಬಿಡುವಿನಲ್ಲಿ ನಾಲ್ಕು ಚಪಾತಿ ಲಟ್ಟಿಸಿದರೆ ಉತ್ತಮ. ಮೊಬೈಲ್ ಗೀಳು ಇರಬಾರದು, ಆದರೆ ಮಗ ಡಲ್ಲಾಸ್‌ನಿಂದ ವಿಡಿಯೋ ಕಾಲ್ ಮಾಡಿದಾಗ ಎರಡನೇ ರಿಂಗಿಗೆ ಎತ್ತಬೇಕು. ಪದೇಪದೇ ಊರಿಗೆ ಹೋಗುವವರು ಬೇಡ. ಮನೆಯ ಮಗಳ ಹಾಗೆ ಇರುವವರಿಗೆ ಆದ್ಯತೆ."

ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಆಗಾಗ ಬರುವ ಈ ಜಾತಿಯ ಪ್ರಕಟಣೆಗಳನ್ನು ನಾನು ಭಕ್ತಿಯಿಂದ ಓದುತ್ತೇನೆ. ಇಷ್ಟುದ್ದ ಷರತ್ತು ಬರೆದ ಬೆರಳು ಸಂಬಳದ ಹತ್ತಿರ ಬಂದಾಗ ಮಾತ್ರ ದಣಿದು ನಿಂತಿರುತ್ತದೆ. ತಪ್ಪೇನಿಲ್ಲ ಬಿಡಿ. ಮನೆಯ ಮಗಳಿಗೆ ಸಂಬಳ ಕೊಟ್ಟವರನ್ನು ಯಾರಾದರೂ ಕಂಡಿದ್ದೀರಾ?

ಬೇಡಿಕೆಯನ್ನೆಲ್ಲ ಕೂಡಿಸಿ ನೋಡಿದರೆ ಇವರಿಗೆ ಬೇಕಾಗಿರುವುದು ಬಿ.ಎಸ್ಸಿ. ನರ್ಸಿಂಗ್ ಓದಿದವಳ ಕೈ, ಹಮಾಲಿಯ ರಟ್ಟೆ, ಮಠದ ಸನ್ಯಾಸಿಯ ಸಹನೆ ಮತ್ತು ಗೂರ್ಖಾನ ನಿದ್ದೆ. ಆಕೆ ಕಷ್ಟದ ಕೆಲಸ ಮಾಡುವಾಗ ಮಗಳು. ಸಂಬಳದ ಮಾತು ಬಂದಾಗ ಕೆಲಸದವಳು. ರಜೆ ಕೇಳಿದಾಗ ಮತ್ತೆ ಮಗಳು, ಅದೂ ಕೃತಘ್ನ ಮಗಳು.

"ಟ್ರೈನಿಂಗ್ ಆದವರು ಸಿಗೋದೇ ಇಲ್ಲ ಕಣ್ರೀ." ಜಯನಗರ, ಮಲ್ಲೇಶ್ವರ, ರಾಜಾಜಿನಗರದ ಪಾರ್ಕುಗಳ ಬೆಳಗಿನ ಸುಪ್ರಭಾತ ಇದು. ಸುಳ್ಳೇನಲ್ಲ. 2011ರ ಜನಗಣತಿ ನಡೆದಾಗಲೇ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ, ನೂರಕ್ಕೆ ಒಂಬತ್ತೂವರೆ ಜನ. 2021ರ ಜನಗಣತಿ ನಡೆಯಲೇ ಇಲ್ಲವಾದ್ದರಿಂದ ಆಮೇಲೆ ಎಷ್ಟು ಜನ ಮುದುಕರಾದರೆಂದು ಸರ್ಕಾರ ಅಂದಾಜಿನಲ್ಲೇ ಕಾಲ ತಳ್ಳಿತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಲೆಕ್ಕದಲ್ಲಿ 2050ಕ್ಕೆ ದೇಶದಲ್ಲಿ ಐವರಲ್ಲಿ ಒಬ್ಬರು 60 ದಾಟಿರುತ್ತಾರೆ, ಒಟ್ಟು ಸುಮಾರು 34.7 ಕೋಟಿ. ಈಗ ಐಟಿ ಕಂಪನಿಯಲ್ಲಿ ಕೂತು ಅಪ್ಪನಿಗೆ ಹೋಮ್ ನರ್ಸ್ ಹುಡುಕುತ್ತಿರುವ ಮೂವತ್ತೈದರ ಮಗನೂ ಆ ಲೆಕ್ಕದಲ್ಲಿದ್ದಾನೆ. ಆತ ಅದನ್ನು ಇನ್ನೂ ಗಮನಿಸಿಲ್ಲ.

ಹಾಗಾದರೆ ತರಬೇತಿ ಎಲ್ಲಿ ನಡೆಯುತ್ತಿದೆ? ಅಮೆರಿಕದಲ್ಲಿ ಸರ್ಕಾರಿ ವಿಮೆಯ ಹಣ ಪಡೆಯುವ ಸಂಸ್ಥೆ ಯಾರನ್ನಾದರೂ ಮನೆ ಆರೈಕೆಗೆ ಕಳಿಸಬೇಕಾದರೆ ಅವರಿಗೆ ಕನಿಷ್ಠ 75 ಗಂಟೆ ಕಲಿಸಿರಬೇಕು, ಅದರಲ್ಲಿ 16 ಗಂಟೆ ಕೈಯಾರೆ ಮಾಡಿಸಿರಬೇಕು. ಜಪಾನಿನಲ್ಲಿ ಆರೈಕೆ ಕೆಲಸದ ಮೊದಲ ಮೆಟ್ಟಿಲಿನ ಕೋರ್ಸೇ 130 ಗಂಟೆ. ನಮ್ಮದು ಇನ್ನೂ ಚುರುಕು. ಹಾವೇರಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಮೆಜೆಸ್ಟಿಕ್ ಮುಟ್ಟಲು ಏಳು ಗಂಟೆ. ಹತ್ತುವಾಗ ಮೆಣಸಿನಕಾಯಿ ಹೊಲದ ಕೂಲಿ, ಇಳಿಯುವಾಗ ಹೋಮ್ ನರ್ಸ್. ಏಜೆನ್ಸಿಯ ಮೇಡಂ ಬೆಳಿಗ್ಗೆ ಒಂದು ತಿಳಿನೀಲಿ ಕೋಟು ಕೊಟ್ಟು, ಆಧಾರ್ ಜೆರಾಕ್ಸ್ ಇಟ್ಟುಕೊಂಡು, "ಯಾರಾದ್ರೂ ಕೇಳಿದ್ರೆ ಐದು ವರ್ಷ ಎಕ್ಸ್‌ಪೀರಿಯನ್ಸ್ ಅನ್ನು" ಎಂದು ಕಲಿಸಿದರೆ ಘಟಿಕೋತ್ಸವವೂ ಮುಗಿಯಿತು. ಮಧ್ಯಾಹ್ನದೊಳಗೆ ಆಕೆ ಯಾರದೋ ತಂದೆಯ ಹಾಸಿಗೆಯ ಪಕ್ಕ ನಿಂತಿರುತ್ತಾಳೆ, ಜೀವಮಾನದಲ್ಲಿ ಮೊದಲ ಬಾರಿಗೆ ಗ್ಲುಕೋಮೀಟರ್ ಕೈಯಲ್ಲಿ ಹಿಡಿದುಕೊಂಡು.

ಸರಿಯಾಗಿ ಕಲಿಸಿ ಕಳಿಸುವ ಸಂಸ್ಥೆಗಳೂ ಬೆಂಗಳೂರಿನಲ್ಲಿವೆ. ಅವರ ದರ ಕೇಳಿ ಫೋನ್ ಇಟ್ಟವರೂ ನಾವೇ.

ಕಲಿಯಲಿಕ್ಕೆ ಅಂಥಾದ್ದೇನಿದೆ ಎನ್ನುವವರು ಹಾಸಿಗೆ ಹಿಡಿದ ಎಪ್ಪತ್ತು ಕಿಲೋ ದೇಹವನ್ನು ಒಂಟಿ ಹೆಂಗಸು ಮಗ್ಗುಲು ಬದಲಿಸುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ಗೊತ್ತಿಲ್ಲದವಳು ಕಂಕುಳಿಗೆ ಕೈಹಾಕಿ ಎಳೆಯುತ್ತಾಳೆ. ಮುದುಕರ ಭುಜದ ಕೀಲು ಲಟಕ್ಕೆನ್ನುತ್ತದೆ, ಇವಳ ಸೊಂಟವೂ ಎನ್ನುತ್ತದೆ, ಒಣಗಿದ ಬೆನ್ನಿನ ಚರ್ಮ ಹಾಸಿಗೆಗೆ ಉಜ್ಜಿ ಸುಲಿಯುತ್ತದೆ. ಗೊತ್ತಿರುವವಳು ಅವರ ಅಡಿಗೆ ಹಳೆಯ ಬೆಡ್‌ಶೀಟೊಂದನ್ನು ಮಡಚಿ ಅಡ್ಡಲಾಗಿ ಮೊದಲೇ ಹಾಸಿರುತ್ತಾಳೆ. ಆಚೆ ಬದಿಯ ಮೊಣಕಾಲು ಮಡಚಿಸಿ, ಕೈಯನ್ನು ಎದೆಯ ಮೇಲಿಟ್ಟು, ತಾನು ಮಂಡಿ ಬಗ್ಗಿಸಿ ನಿಂತು, "ಅಜ್ಜಾರ, ಈಗ ಈ ಕಡಿ ಹೊಳ್ಳೂಣ್ರಿ" ಎಂದು ಹೇಳಿಯೇ ಬೆಡ್‌ಶೀಟನ್ನು ತನ್ನತ್ತ ಎಳೆಯುತ್ತಾಳೆ. ದೇಹ ತಾನಾಗಿ ಉರುಳುತ್ತದೆ. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೊಂದು. ಆಮೇಲೆ ಬೆನ್ನಿನ ಬುಡದಲ್ಲಿ ಕೆಂಪಗಾದ ಕಡೆ ಬೆರಳಿನಿಂದ ಒತ್ತುತ್ತಾಳೆ. ಒತ್ತಿದಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಸದ್ಯಕ್ಕೆ ಬಚಾವು. ಒತ್ತಿದರೂ ಕೆಂಪು ಕದಲದಿದ್ದರೆ ಒಳಗೆ ಹುಣ್ಣು ಹೊರಟಿದೆ. ಕಪ್ಪು ಮೈಯವರಲ್ಲಿ ಕೆಂಪು ಸುಲಭವಾಗಿ ಕಾಣುವುದಿಲ್ಲ, ಅಂಗೈಯ ಹಿಂಬದಿ ಇಟ್ಟು ಬಿಸಿ ನೋಡಬೇಕು. ಎರಡು ಗಂಟೆಗೊಮ್ಮೆ ಇಷ್ಟೂ ಆಗಬೇಕು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ.

ಇದನ್ನು ನಮ್ಮ ಮನೆಗಳಲ್ಲಿ "ಸುಮ್ನೆ ಕೂತಿರ್ತಾಳೆ, ಅದಕ್ಕೆ ಇಷ್ಟು ದುಡ್ಡು" ಎನ್ನುತ್ತಾರೆ. ಸಿ.ಸಿ. ಕ್ಯಾಮೆರಾದ ಸಾಕ್ಷಿಯೂ ಇದೆ: ಮಧ್ಯಾಹ್ನ ಎರಡೂವರೆಗೆ ಆಕೆ ಕುರ್ಚಿಯಲ್ಲಿ ತೂಕಡಿಸುತ್ತಿರುವ ಚಿತ್ರ. ಬೆಳಗಿನ ಜಾವ ನಾಲ್ಕರ ದೃಶ್ಯವೂ ಅದೇ ಕ್ಯಾಮೆರಾದಲ್ಲಿತ್ತು. ಆದರೆ ಡಲ್ಲಾಸ್‌ನಲ್ಲಿ ಆಗ ಮಗ ಆಫೀಸಿನ ಕೆಲಸದಲ್ಲಿದ್ದ.

ಮೂಗಿನ ನಳಿಕೆಯ ವಿಷಯವೂ ಇದೇ. ತಲೆಯ ಕಡೆ ಎತ್ತರಿಸಿ, ನಳಿಕೆ ಹೊಟ್ಟೆಯಲ್ಲೇ ಇದೆಯೆಂದು ಖಾತ್ರಿಮಾಡಿಕೊಂಡು, ನಿಧಾನವಾಗಿ ಗಂಜಿ ಇಳಿಸಿ, ಆದ ಮೇಲೂ ಅರ್ಧ ಗಂಟೆ ಕೂರಿಸಿರಬೇಕು. ಅಂಗಾತ ಮಲಗಿದವರಿಗೆ ಗಡಿಬಿಡಿಯಲ್ಲಿ ಸುರಿದರೆ ಗಂಜಿ ಮೇಲೆ ಉಕ್ಕಿ ಶ್ವಾಸಕೋಶಕ್ಕೆ ಹೋಗುತ್ತದೆ. ನಾಲ್ಕು ದಿನದಲ್ಲಿ ಜ್ವರ, ಕಫ, ಐ.ಸಿ.ಯು. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರು "ವಯಸ್ಸಾಗಿತ್ತಲ್ಲ ಪಾಪ" ಎಂದು ಹೋಳಿಗೆ ತಿಂದು ಹೋಗುತ್ತಾರೆ. ತರಬೇತಿ ಇಲ್ಲದ ಕೈಯಿಂದ ಈ ದೇಶದಲ್ಲಿ ಒಬ್ಬ ಮುದುಕನೂ ಸತ್ತಿಲ್ಲ. ಎಲ್ಲರೂ ವಯಸ್ಸಿನಿಂದಲೇ ಸತ್ತಿದ್ದಾರೆ.

ಮರೆವಿನ ಕಾಯಿಲೆಯವರ ಆರೈಕೆಯಂತೂ ಬೇರೆಯದೇ ವಿದ್ಯೆ. ಸಂಜೆ ಆರಾಯಿತೆಂದರೆ ಅಜ್ಜಿ ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಬರುತ್ತಾರೆ: "ಮನೆಗೆ ಹೋಗ್ತೀನಪ್ಪ, ಅಮ್ಮ ಕಾಯ್ತಿರ್ತಾಳೆ." ಎಂ.ಟೆಕ್. ಓದಿದ ಮಗ ಸತ್ಯಸಂಧ. "ಅಮ್ಮಾ, ಇದೇ ನಿನ್ನ ಮನೆ. ನಿಮ್ಮಮ್ಮ ಹೋಗಿ ನಲವತ್ತು ವರ್ಷ ಆಯ್ತು." ಅಜ್ಜಿಗೆ ಅದು ಆಗಷ್ಟೇ ಬಂದ ಸಾವಿನ ಸುದ್ದಿ. ಕುಸಿದು ಕೂತು ಅಳುತ್ತಾರೆ. ಮರುದಿನ ಆರಕ್ಕೆ ಅಮ್ಮ ಮತ್ತೊಮ್ಮೆ ಸಾಯುತ್ತಾಳೆ. ಹಾನಗಲ್ ಕಡೆಯ ಹೆಂಗಸು ಹೋಮ್ ನರ್ಸ್ ಆಗಿ ಬಂದ ಮೇಲೆ ಆಕೆ ಬಾಗಿಲಲ್ಲಿ ಅಡ್ಡ ನಿಂತು ಕೇಳುತ್ತಾಳೆ: "ಹೋಗೂಣ್ರಿ ಅಮ್ಮಾರ, ಯಾರ್ ಬ್ಯಾಡಂದ್ರು? ನಿಮ್ಮ ಅವ್ವಾರು ಏನೇನ್ ಅಡಗಿ ಮಾಡ್ತಿದ್ರು, ಅದನ್ನ ಹೇಳ್ರಿ ಮೊದ್ಲ." ಅಜ್ಜಿ ಹುಳಿ, ಗೊಜ್ಜು ಎಂದು ಶುರುಮಾಡಿ ಕಡುಬಿಗೆ ಬರುವಷ್ಟರಲ್ಲಿ ಬಾಗಿಲು ಮರೆತಿರುತ್ತದೆ. ಮಗ ಕ್ಯಾಮೆರಾದ ಸ್ಪೀಕರಿನಲ್ಲಿ ಗದರುತ್ತಾನೆ: "ನೋಡಮ್ಮ, ಅವರಿಗೆ ಸುಳ್ಳು ಹೇಳ್ಬೇಡ, ಕನ್‌ಫ್ಯೂಸ್ ಆಗ್ತಾರೆ."

ತರಬೇತಿ ಯಾರಿಗೆ ಬೇಕೆಂಬ ಪ್ರಶ್ನೆಗೆ ನಾನು ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಸಂದರ್ಶನ ಒಂದಿದೆ.

"ಯಾವ ಕಡೆಯವರಮ್ಮ ನೀವು?"

"ಹಾನಗಲ್ ಕಡ್ಯಾರ್ರೀ."

"ಅದಲ್ಲಮ್ಮ. ಯಾವ ಪೈಕಿ?"

ಅನುಭವವೆಷ್ಟು, ಇನ್ಸುಲಿನ್ ಕೊಟ್ಟಿದ್ದೀಯಾ, ಫಿಟ್ಸ್ ಬಂದರೆ ಏನು ಮಾಡುತ್ತೀಯಾ ಎಂಬ ಪ್ರಶ್ನೆಗಳು ಇದರ ಹಿಂದೆ ಸರದಿಯಲ್ಲಿ ನಿಂತಿರುತ್ತವೆ. ಪೈಕಿಯ ಉತ್ತರ ಹಿಡಿಸದಿದ್ದರೂ ಕೆಲಸ ಸಿಗುತ್ತದೆ, ಗತಿಯಿಲ್ಲವಲ್ಲ! ಆದರೆ ಮನೆಯ ನಕ್ಷೆ ಬದಲಾಗುತ್ತದೆ. ಆಕೆ ತಂದೆಯವರ ಮಲ ಒರೆಸಬಹುದು. ಅವರ ಹೊಟ್ಟೆಗೆ ನಳಿಕೆಯಿಂದ ಆಹಾರ ಇಳಿಸಬಹುದು. ಆ ಆಹಾರ ರುಬ್ಬುವ ಮಿಕ್ಸಿಯ ಸ್ವಿಚ್ಚನ್ನು ಮಾತ್ರ ಮುಟ್ಟಕೂಡದು, ಅದು ಅಡುಗೆಮನೆಯಲ್ಲಿದೆ. ಚಪಾತಿಯ ಷರತ್ತು ಪೈಕಿ ಗೊತ್ತಾದ ಮೇಲಷ್ಟೇ ಅನ್ವಯ. ಆಕೆಯ ತಟ್ಟೆ, ಲೋಟ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಗೂಡಿನಲ್ಲಿ. "ನಾವೇನೂ ಭೇದ ಮಾಡಲ್ಲಪ್ಪ, ಹೈಜೀನ್ ಅಷ್ಟೇ." ಈ ಹೈಜೀನಿನ ಪಾಠವನ್ನು ಯಾವ ಸೆಮಿಸ್ಟರಿಗೆ ಇಡಬೇಕೆಂದು ಪಠ್ಯಕ್ರಮ ಸಮಿತಿಯವರು ತಿಳಿಸಬೇಕು.

ಇನ್ನು ಸರ್ಕಾರ. ಅದನ್ನು ಬೈಯುವುದು ಸುಲಭವಾದ್ದರಿಂದ ಸ್ವಲ್ಪ ನಿಧಾನವಾಗಿ ಬೈಯೋಣ. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿದರು. ಬಡವ ಬಲ್ಲಿದ ಎನ್ನದೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಒಳ್ಳೆಯ ಕೆಲಸ. ಆದರೆ ಈ ದುಡ್ಡು ನೀವು ಆಸ್ಪತ್ರೆಯ ಮಂಚದಲ್ಲಿ ಮಲಗಿದರೆ ಮಾತ್ರ. ಬಿಡುಗಡೆಯಾಗಿ ಮನೆಗೆ ಬಂದ ಮೇಲೂ 15 ದಿನದ ಔಷಧಿ, ತಪಾಸಣೆಯ ಖರ್ಚಿದೆ. ಹದಿನಾರನೆಯ ದಿನದಿಂದ ಸೊಸೆ.

ಈ ಸೊಸೆಯನ್ನು ನಮ್ಮ ಕಾನೂನು ನಡೆಸಿಕೊಂಡ ರೀತಿ ನೋಡಬೇಕು. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಜೀವನಾಂಶ ಕೊಡಬೇಕಾದ ಮಕ್ಕಳೆಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಬೆಡ್‌ಪ್ಯಾನ್ ಹಿಡಿಯುವ ಸೊಸೆಯ ಹೆಸರೇ ಇಲ್ಲ. 2019ರಲ್ಲಿ ತಿದ್ದುಪಡಿ ಮಸೂದೆ ತಂದು ಅಳಿಯನ ಜತೆಗೆ ಆಕೆಯನ್ನೂ ಪಟ್ಟಿಗೆ ಸೇರಿಸಿದರು. ಬಹುಮಾನಕ್ಕಲ್ಲ, ಹೊಣೆಗೆ! ಅದೇ ಮಸೂದೆಯಲ್ಲಿ ಒಂದು ಸದ್ಬುದ್ಧಿಯೂ ಇತ್ತು: ಮನೆಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕು, ಕಳಿಸುವವರು ತರಬೇತಿ ಪಡೆದು ಪ್ರಮಾಣಪತ್ರ ಉಳ್ಳವರಾಗಿರಬೇಕು, ಪೊಲೀಸರು ಅವರ ಪೂರ್ವಾಪರ ವಿಚಾರಿಸಿರಬೇಕು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು, ಆಮೇಲೆ ಹಾಸಿಗೆ ಹಿಡಿಯಿತು. ಮಗ್ಗುಲು ಬದಲಿಸುವವರಿಲ್ಲದೆ 2024ರಲ್ಲಿ ಹದಿನೇಳನೇ ಲೋಕಸಭೆಯ ಜತೆಗೇ ತೀರಿಕೊಂಡಿತು. ವಯಸ್ಸಾಗಿತ್ತಲ್ಲ ಪಾಪ.

ಹೆಂಗಸರ ಈ ಬಿಟ್ಟಿ ಕೆಲಸಕ್ಕೆ ಲೆಕ್ಕವೇ ಇಲ್ಲವೆಂದಲ್ಲ. ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, ಮನೆಯವರ ಆರೈಕೆಯಲ್ಲಿ ತೊಡಗಿದ 15ರಿಂದ 59 ವಯಸ್ಸಿನ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 74 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವುದೂ ಸೇರಿದ ಲೆಕ್ಕ ಇದು. ಗಂಡಸರ ಆ 74 ನಿಮಿಷದಲ್ಲಿ ಹೋಮ್ ನರ್ಸ್ ಸರಿಯಿಲ್ಲ ಎಂದು ಏಜೆನ್ಸಿಗೆ ಫೋನ್ ಮಾಡುವ ಹೊತ್ತೂ ಸೇರಿರಬಹುದೆಂಬುದು ನನ್ನ ಸ್ವಂತ ಸಂಶಯ.

ಮತ್ತೆ, ಇಷ್ಟುಹೊತ್ತು ಹೇಳಿದ್ದೆಲ್ಲ ದುಡ್ಡಿದ್ದವರ ಗೋಳು. ಬೆಂಗಳೂರಿನಲ್ಲಿ 24 ಗಂಟೆಯ ಆರೈಕೆಗೆ ಏಜೆನ್ಸಿಗಳು ತಿಂಗಳಿಗೆ 25 ಸಾವಿರ ರೂಪಾಯಿಯ ಆಸುಪಾಸಿನಿಂದ ಮಾತು ಶುರುಮಾಡುತ್ತವೆ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅಂದರೆ ಸರ್ಕಾರ ಒಂದೂವರೆ ದಿನದ ಆರೈಕೆಯ ದುಡ್ಡು ಕೊಟ್ಟಿದೆ. ಮಿಕ್ಕ ಇಪ್ಪತ್ತೆಂಟೂವರೆ ದಿನ ಮುದುಕರು ತಮ್ಮ ಮಗ್ಗುಲನ್ನು ತಾವೇ ಬದಲಿಸಿಕೊಳ್ಳತಕ್ಕದ್ದು. ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 80 ತುಂಬದವರಿಗೆ ಕೇಂದ್ರ ಕೊಡುವ ಪಾಲು 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು. ಈ ದೇಶದಲ್ಲಿ ವಯಸ್ಸಾಗದೆ ಉಳಿದಿರುವುದು ಆ ಇನ್ನೂರು ರೂಪಾಯಿ ಒಂದೇ.

ಕೋರ್ಸುಗಳಿಲ್ಲವೇ? ಧಾರಾಳವಾಗಿವೆ. ಕೌಶಲ ಮಿಷನ್ನಿನ ಪಟ್ಟಿಯಲ್ಲಿ ಹೋಮ್ ಹೆಲ್ತ್ ಏಡ್ ಇದೆ, ಜನರಲ್ ಡ್ಯೂಟಿ ಅಸಿಸ್ಟೆಂಟ್ ಇದೆ, ವೃದ್ಧರ ಆರೈಕೆಯೂ ಇದೆ. ಉದ್ಘಾಟನೆ, ದೀಪ, ಹೂಗುಚ್ಛ, ಪ್ರಮಾಣಪತ್ರ ವಿತರಣೆಯ ಫೋಟೊ ಎಲ್ಲವೂ ಇರುತ್ತವೆ. ತೊಡಕು ಒಂದೇ: ಆ ಪ್ರಮಾಣಪತ್ರ ತೋರಿಸಿದ್ದಕ್ಕೆ ಸಂಬಳ ಏರಿಸಿದ ಮನೆಯನ್ನು ನಮ್ಮ ಬಡಾವಣೆಯಲ್ಲಂತೂ ನಾನು ಕಂಡಿಲ್ಲ. "ಸರ್ಟಿಫಿಕೇಟ್ ಇಟ್ಕೊಂಡು ಏನ್ಮಾಡೋದು, ಕೆಲಸ ಬಂದ್ರೆ ಸಾಕು" ಎನ್ನುತ್ತಾರೆ ಯಜಮಾನರು. ಕಲಿತ ಹುಡುಗಿ ದಡ್ಡಿಯಲ್ಲ. ಎಂಟು ಗಂಟೆಯ ಪಾಳಿ, ಪಿ.ಎಫ್., ಇ.ಎಸ್.ಐ. ಇರುವ ಆಸ್ಪತ್ರೆಗೆ ಹೋಗುತ್ತಾಳೆ. ಇನ್ನೂ ಚೆನ್ನಾಗಿ ಕಲಿತವಳು ವಿಮಾನ ಹತ್ತುತ್ತಾಳೆ. 2021ರಲ್ಲಿ ಜಪಾನಿನ ಜತೆ ಆದ ಒಪ್ಪಂದದಲ್ಲಿ ವೃದ್ಧರ ಆರೈಕೆ ಒಂದು ಮುಖ್ಯ ಬಾಬತ್ತು. 2023ರಲ್ಲಿ ಇಸ್ರೇಲಿನ ಜತೆ 42 ಸಾವಿರ ಕೆಲಸಗಾರರ ಒಪ್ಪಂದವಾದಾಗ ಅದರಲ್ಲಿ 8 ಸಾವಿರ ಜನ ಶುಶ್ರೂಷೆಗೆಂದೇ. ಕಲಿತವಳು ಟೆಲ್ ಅವೀವ್‌ಗೆ, ಕಲಿಯದವಳು ತಿಪ್ಪಸಂದ್ರಕ್ಕೆ.

ಹೋದವರನ್ನು ದೂರುವ ಯೋಗ್ಯತೆ ನಮಗಿಲ್ಲ. 2023ರ ಅಕ್ಟೋಬರಿನಲ್ಲಿ ಇಸ್ರೇಲಿನಲ್ಲಿ ಯುದ್ಧ ಶುರುವಾದಾಗ ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳವರು ಟಿ.ವಿ. ಮುಂದೆ ಜೀವ ಹಿಡಿದುಕೊಂಡು ಕೂತಿದ್ದರು. ಅವರ ಮಕ್ಕಳು ಅಲ್ಲಿ ಯಾರದೋ ತಂದೆ ತಾಯಿಯ ಆರೈಕೆಯಲ್ಲಿದ್ದರು. ಬಂಕರಿಗೆ ಓಡುವಾಗಲೂ ವೀಲ್‌ಚೇರ್ ತಳ್ಳಿಕೊಂಡೇ ಓಡಬೇಕಾದ ಕೆಲಸ ಅದು. ಇತ್ತ ಕರಾವಳಿಯ ಅಂಥ ಮನೆಯ ತಾಯಿಯನ್ನು ನೋಡಿಕೊಳ್ಳಲು ಘಟ್ಟದ ಮೇಲಿನಿಂದ ಹೋಮ್ ನರ್ಸ್ ಬರುತ್ತಾಳೆ. ಆ ಹೋಮ್ ನರ್ಸಿನ ಅತ್ತೆ ಊರಲ್ಲಿ ಪಾರ್ಶ್ವವಾಯು ಹೊಡೆದು ಮಲಗಿದ್ದರೆ, ಅತ್ತೆಯ ತಲೆದೆಸೆಯಲ್ಲಿ ಶಾಲೆ ಬಿಟ್ಟ ಹದಿಮೂರರ ಮೊಮ್ಮಗಳು ಕೂತಿರುತ್ತಾಳೆ. ಅಲ್ಲಿಗೆ ಸಾಲು ಮುಗಿಯುತ್ತದೆ, ಯಾಕೆಂದರೆ ಆ ಹುಡುಗಿಗಿಂತ ಅಗ್ಗದವರು ಯಾರೂ ಇಲ್ಲ.

ಪಕ್ಕದ ಕೇರಳದವರು ಹಣವಂತರೇನಲ್ಲ, ಅವರಿಗೂ ಸಾಲದ ತಾಪತ್ರಯ ಸಾಕಷ್ಟಿದೆ. ಆದರೂ 2008ರಲ್ಲೇ ಪ್ಯಾಲಿಯೇಟಿವ್ ಆರೈಕೆಗೆಂದು ನೀತಿಯೊಂದನ್ನು ಮಾಡಿ, ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಗಳ ಮೂಲಕ ನರ್ಸ್ ಹೋಗುವ ಏರ್ಪಾಡು ಮಾಡಿಕೊಂಡರು. ಅಲ್ಲಿನ ಮಹಿಳಾ ಸ್ವಸಹಾಯ ಗುಂಪುಗಳ ಜಾಲವಾದ ಕುಟುಂಬಶ್ರೀಯವರು 2018ರಲ್ಲಿ 'ಹರ್ಷಂ' ಹೆಸರಿನಲ್ಲಿ ಹೆಂಗಸರಿಗೆ ವೃದ್ಧರ ಆರೈಕೆ ಕಲಿಸಿ ಮನೆಗಳಿಗೆ ಕಳಿಸಲು ತೊಡಗಿದರು. ನಮ್ಮಲ್ಲಿ ಇಂಥದ್ದು ಬಂದರೆ ಏನಾಗುತ್ತದೆಂದು ನಾನು ಕಣ್ಣುಮುಚ್ಚಿ ಹೇಳಬಲ್ಲೆ: ಆಶಾ ಕಾರ್ಯಕರ್ತೆಯರ ಕೆಲಸದ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ. ಗೌರವಧನಕ್ಕಾಗಿ 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತಿದ್ದವರು ಅವರೇ. ಮನೆಯ ಯಜಮಾನ ಮಗಳು ಎಂದು ಕರೆದು ಉಳಿಸುವ ದುಡ್ಡನ್ನು ಸರ್ಕಾರ ಕಾರ್ಯಕರ್ತೆ ಎಂದು ಕರೆದು ಉಳಿಸುತ್ತದೆ.

ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡುವುದರಲ್ಲಿ ದೇಶಕ್ಕೇ ಮುಂದಾಗಿದ್ದು ಕರ್ನಾಟಕ, 2004ರಲ್ಲೇ. ಆದರೆ ಕಾರ್ಖಾನೆಯ ಗೇಟಿನ ಒಳಗೆ ಹೋಗುವ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ತುಳಸಿಕಟ್ಟೆಯ ಹತ್ತಿರ ನಿಂತುಬಿಡುತ್ತಾರೆ. ಮನೆ ದೇವಸ್ಥಾನವಂತೆ. 24 ಗಂಟೆ ಎಂದರೆ ಎಂಟರ ಮೂರು ಪಾಳಿ, ಮೂರು ಪಾಳಿಗೆ ಮೂವರ ಸಂಬಳ. ಮಗ ಎಂಜಿನಿಯರ್, ಸೊಸೆ ಚಾರ್ಟರ್ಡ್ ಅಕೌಂಟೆಂಟ್, ಮಾವ ನಿವೃತ್ತ ಗಣಿತದ ಮೇಷ್ಟ್ರು. ಈ ಒಂದು ಭಾಗಾಕಾರ ಮಾತ್ರ ಆ ಮನೆಯಲ್ಲಿ ಯಾರಿಗೂ ಬರುವುದಿಲ್ಲ.

ಆದ್ದರಿಂದ ನನ್ನ ವಿನಮ್ರ ಸಲಹೆ: ಮುಂದಿನ ಬಜೆಟ್ಟಿನಲ್ಲಿ ಒಂದು ಕೋರ್ಸನ್ನು ಮನೆಯವರಿಗೂ ಇಡಲಿ. ಹೋಮ್ ನರ್ಸ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಪರೀಕ್ಷೆ ಪಾಸಾಗಿರಬೇಕು. ಪ್ರಶ್ನೆಪತ್ರಿಕೆ ನಾನೇ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ನಿಮ್ಮ ತಂದೆ ದಿನಕ್ಕೆ ನುಂಗುವ ಮಾತ್ರೆಗಳ ಹೆಸರನ್ನು ಚೀಟಿ ನೋಡದೆ ಹೇಳಿ. ಅವರ ಡಯಾಪರ್ ಯಾವ ಅಳತೆಯದು? ನಿಮ್ಮ ಮನೆಯ ಹೋಮ್ ನರ್ಸ್ ರಾತ್ರಿ ಎಲ್ಲಿ ಮಲಗುತ್ತಾಳೆ, ಆ ಜಾಗದಲ್ಲಿ ಫ್ಯಾನ್ ಇದೆಯೇ? ಆಕೆಯ ಊಟ ಎಷ್ಟು ಗಂಟೆಗೆ, ಆ ಹೊತ್ತಿಗೆ ಅಪ್ಪನ ಪಕ್ಕ ಯಾರು ಕೂರುತ್ತಾರೆ? ಅಪ್ಪ ಸಿಟ್ಟಿನಲ್ಲಿ ಆಕೆಗೆ ಹೊಡೆದರೆ, ಅಥವಾ ಎಲ್ಲೆಲ್ಲೋ ಕೈಹಾಕಿದರೆ, ನೀವು ಮೊದಲು ಯಾರ ಮಾತು ನಂಬುತ್ತೀರಿ? ಕೊನೆಯ ಪ್ರಶ್ನೆ ಕಡ್ಡಾಯ. ಆಕೆ ಅದನ್ನು ಹೇಳಲು ಬಂದಾಗ "ವಯಸ್ಸಾದವರು, ಅಡ್ಜಸ್ಟ್ ಮಾಡ್ಕೊಳಮ್ಮ" ಎಂದವರಿಗೆ ಮರುಪರೀಕ್ಷೆಯೂ ಇಲ್ಲ.

ಮೊದಲ ಬ್ಯಾಚಿನಲ್ಲಿ ಎಷ್ಟು ಜನ ಪಾಸಾದಾರು? ಬಡಾವಣೆಯಲ್ಲಿ ಹೋಮ್ ನರ್ಸ್ ಬೇಕೆನ್ನುವವರ ಕೊರತೆ ಉಂಟಾಗಿ, ಹಾವೇರಿ ಬಸ್ಸು ಖಾಲಿ ಬಂದೀತು ಎಂಬ ಹೆದರಿಕೆ ನನಗಿದೆ.

ಅದೆಲ್ಲ ಆಗುವ ಮಾತಲ್ಲ, ಗೊತ್ತು. ಹಾಗಾಗಿ ಒಂದು ಚಿಕ್ಕ ಕೋರಿಕೆ. ನಿಮ್ಮ ಮನೆಯಲ್ಲಿ ಹೋಮ್ ನರ್ಸ್ ಇದ್ದರೆ ಈ ಭಾನುವಾರ ಆಕೆಗೆ ಸಂಬಳ ಸಹಿತ ರಜೆ ಕೊಡಿ. ಶನಿವಾರ ಸಂಜೆಯೇ ಕೂರಿಸಿಕೊಂಡು, ಬೆಡ್‌ಶೀಟ್ ಹೇಗೆ ಮಡಚಬೇಕು, ದಿಂಬು ಎಲ್ಲೆಲ್ಲಿ ಇಡಬೇಕು, ನಳಿಕೆಗೆ ಗಂಜಿ ಎಷ್ಟು ತೆಳ್ಳಗಿರಬೇಕು ಎಂದು ಆಕೆಯಿಂದಲೇ ಪಾಠ ಹೇಳಿಸಿಕೊಳ್ಳಿ. ಭಾನುವಾರ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಂ ಇಟ್ಟುಕೊಂಡು ನಿಮ್ಮ ತಂದೆಯನ್ನು ನೀವೇ ಮಗ್ಗುಲು ಬದಲಿಸಿ. ಸಂಬಳ ಎಷ್ಟು ಎಂಬ ಮಾತನ್ನು ಸೋಮವಾರ ಬೆಳಿಗ್ಗೆ ಆಕೆಯ ಹತ್ತಿರವೇ ಕೂತು ಆಡಿ.